ಭಾನುವಾರ ಒಪ್ಪಿಸಿಕೊಡುತ್ತೇನೆ, ಸೋಮವಾರ ವಾಪಸ್ ತೆಗೆದುಕೊಳ್ಳುತ್ತೇನೆ

ಸೈಟ್‌ನವನು, ಹೊರಮಾವು · ಭಾನುವಾರ ರಾತ್ರಿ

ಎಲ್ಲರಿಗೂ ವಂದನೆ. ಹೆಸರು ಹಾಕುವುದಿಲ್ಲ, ಕ್ಷಮಿಸಿ. ನಮ್ಮ ಚರ್ಚ್ ಸಭೆಯವರೂ ಇಲ್ಲಿ ಓದುತ್ತಾರೆ.

ಮನೆಗಳ ಇಂಟೀರಿಯರ್ ಮಾಡಿಕೊಡುವ ಒಂದು ಚಿಕ್ಕ ಕಂಪನಿಯಲ್ಲಿ ನಾನು ಸೂಪರ್‌ವೈಸರ್. ಹೆಣ್ಣೂರು, ಕಲ್ಯಾಣನಗರ, ಥಣಿಸಂದ್ರ, ಈ ಕಡೆಯೇ ನಮ್ಮ ಕೆಲಸ ಜಾಸ್ತಿ. ಪ್ಲೈವುಡ್, ಟೈಲ್ಸ್, ಕೀಲು, ಹ್ಯಾಂಡಲ್ ಯಾವ ಅಂಗಡಿಯಿಂದ ತರಬೇಕು ಎಂದು ಹೇಳುವವನು ನಾನೇ. ಬಿಲ್ ಆದ ಮೇಲೆ ಅಂಗಡಿಯವರು ನನಗೆ ಕಮಿಷನ್ ಕೊಡುತ್ತಾರೆ. ಎರಡು ಲಕ್ಷದ ಬಿಲ್ ಆದರೆ ಆರು ಸಾವಿರ, ಕೆಲವೊಮ್ಮೆ ಎಂಟು. ಮನೆ ಮಾಲೀಕರಿಗೆ ಇದು ಗೊತ್ತಿರುವುದಿಲ್ಲ. "ಸಾರ್, ಇದೇ ಒಳ್ಳೇ ಅಂಗಡಿ" ಎಂದು ನಾನು ಹೇಳಿದರೆ ಪಾಪ, ನಂಬುತ್ತಾರೆ.

ಇವತ್ತು ಚರ್ಚ್‌ನಲ್ಲಿ ಕರ್ತನ ಭೋಜನ ಇತ್ತು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ಮೊಣಕಾಲೂರಿದಾಗ ಕಣ್ಣಲ್ಲಿ ನೀರು ಬಂತು, ನಿಜವಾಗಿಯೂ ಬಂತು, ನಾಟಕ ಅಲ್ಲ. "ಕರ್ತನೇ, ಇನ್ನು ಮುಂದೆ ಇಲ್ಲ" ಎಂದೆ. ಇದು ಎಷ್ಟನೇ ಸಲ ಎಂದು ಲೆಕ್ಕವೇ ಇಲ್ಲ. ನಾಳೆ ಹನ್ನೊಂದು ಗಂಟೆಗೆ ಟೈಲ್ಸ್ ಅಂಗಡಿಯವನು ಫೋನ್ ಮಾಡುತ್ತಾನೆ. ನಾನು ಹೋಗುತ್ತೇನೆ. ಕವರ್ ತೆಗೆದುಕೊಳ್ಳುತ್ತೇನೆ. ಮಗಳ ಸ್ಕೂಲ್ ಫೀಸ್ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತೇನೆ.

ಪೌಲನೂ ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಇದನ್ನೇ ಹೇಳುತ್ತಾನೆ ಅಲ್ವಾ? ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡುವುದಿಲ್ಲ, ಬೇಡವೆಂದಿರುವ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು. ಅದನ್ನು ಓದಿದಾಗ ಸಮಾಧಾನ ಆಗುತ್ತದೆ. ಆಮೇಲೆ ಆ ಸಮಾಧಾನದ ಮೇಲೇ ಅನುಮಾನ ಬರುತ್ತದೆ. ಅಪೊಸ್ತಲನನ್ನು ನನ್ನ ಕಳ್ಳತನಕ್ಕೆ ಜಾಮೀನು ಹಾಕಿಸುತ್ತಿದ್ದೇನಾ?

ದಿನದ ಬದುಕನ್ನು ದೇವರಿಗೆ ಒಪ್ಪಿಸುವುದು ಎಂದರೆ ಸೋಮವಾರ ಹನ್ನೊಂದು ಗಂಟೆಗೆ ಏನು ಮಾಡುವುದು? ಅದನ್ನು ಹೇಳಿ. "ಪ್ರಾರ್ಥನೆ ಮಾಡಿ" ಎಂದು ಮಾತ್ರ ಹೇಳಬೇಡಿ, ಮಾಡುತ್ತಿದ್ದೇನೆ.

ಅನಾಮಿಕ 7 · ಭಾನುವಾರ ರಾತ್ರಿ

ನಿಮಗಾಗಿ ಪ್ರಾರ್ಥನೆ ಮಾಡುತ್ತೇವೆ ಬ್ರದರ್.

ಲೆಕ್ಕದವನು · ಸೋಮವಾರ ಬೆಳಗ್ಗೆ

ನಾನು ಅಕೌಂಟ್ಸ್ ನೋಡುವವನು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಕಮಿಷನ್ ಎನ್ನುತ್ತಿರುವುದು ಮನೆ ಮಾಲೀಕರ ದುಡ್ಡು. ಅಂಗಡಿಯವನು ಜೇಬಿನಿಂದ ಕೊಡುವುದಿಲ್ಲ, ಬಿಲ್‌ಗೆ ಸೇರಿಸಿಯೇ ಕೊಡುತ್ತಾನೆ. ನಮ್ಮ ಊರಿನಲ್ಲಿ ಇದಕ್ಕೆ ಎಷ್ಟೊಂದು ಮುದ್ದಾದ ಹೆಸರುಗಳು! ಕಮಿಷನ್, ಮಾಮೂಲಿ, ಸ್ಕೀಮು, ಕಾಫಿ ಖರ್ಚು. ಹೆಸರು ಸಿಹಿಯಾದಷ್ಟೂ ಬಿಡುವುದು ಕಷ್ಟ.

ಅಪೊಸ್ತಲರ ಕೃತ್ಯಗಳು 5ರಲ್ಲಿ ಅನನೀಯನ ಕಥೆ ಇದೆ. ಹೊಲ ಮಾರಿದ, ಸ್ವಲ್ಪ ಇಟ್ಟುಕೊಂಡ, ಉಳಿದದ್ದನ್ನು ಅಪೊಸ್ತಲರಿಗೆ ತಂದುಕೊಟ್ಟ. ಇಟ್ಟುಕೊಂಡದ್ದೇ ಅವನ ತಪ್ಪಲ್ಲ. ಹೊಲ ನಿನ್ನದೇ ಆಗಿತ್ತಲ್ಲ, ದುಡ್ಡೂ ನಿನ್ನ ಕೈಯಲ್ಲೇ ಇತ್ತಲ್ಲ ಎಂದು ಪೇತ್ರನೇ ಕೇಳುತ್ತಾನೆ. ಪೂರ್ತಿ ದುಡ್ಡು ತಂದಿದ್ದೇನೆ ಎಂದು ತೋರಿಸಿಕೊಂಡದ್ದು ತಪ್ಪು. ಭಾನುವಾರ "ಎಲ್ಲವನ್ನೂ ಒಪ್ಪಿಸಿದೆ" ಎಂದು ಹಾಡುವಾಗ ನಾವೆಲ್ಲರೂ ಅದೇ ಸಾಲಿನಲ್ಲಿ ನಿಂತಿರುತ್ತೇವೆ. ನಾನೂ ಸೇರಿ.

ಕಾಕ್ಸ್‌ಟೌನ್ ಅಜ್ಜಿ · ಸೋಮವಾರ ಮಧ್ಯಾಹ್ನ

ಮಗಾ, ನನ್ನ ಮೊಮ್ಮಗಳು ಇದನ್ನು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ.

ರೋಮಾಪುರದವರಿಗೆ 7 ಓದಿದೆ, ಸರಿ. 12ಕ್ಕೂ ಹೋಗು. ನಮ್ಮ ಹಳೇ ಸತ್ಯವೇದದಲ್ಲಿ (ಬೈಬಲಿನ ಹಿಂದಿನ ಅನುವಾದ) ಅಲ್ಲೊಂದು ಮಾತಿದೆ. ನಿಮ್ಮ ದೇಹಗಳನ್ನು ಸಮರ್ಪಿಸಿರಿ, ಅವು ಸಜೀವವಾಗಿಯೂ ಮೀಸಲಾಗಿಯೂ ಇರುವ ಯಜ್ಞ ಎಂದು. ಆ "ಮೀಸಲು" ನನಗೆ ಬಹಳ ಇಷ್ಟ. ಪರಿಶುದ್ಧ ಎಂದರೆ ನಮಗೆ ದೂರದ ಮಾತು, ಗೋಡೆಯ ಮೇಲಿನ ಪಟದವರಿಗೆ ಆಗುವ ಮಾತು. ಮೀಸಲು ಎಂದರೆ ಹಾಗಲ್ಲ. ಶಿವಾಜಿನಗರದ ಬಸ್ ಹತ್ತಿದರೆ ಮುಂದಿನ ಸೀಟುಗಳ ಮೇಲೆ ಬರೆದಿರುತ್ತದೆ, ಮಹಿಳೆಯರಿಗೆ ಮೀಸಲು ಎಂದು. ಅಷ್ಟು ಬರೆದರೆ ಸೀಟು ತಾನಾಗಿ ಖಾಲಿ ಇರುತ್ತದಾ? ಯಾವನೋ ಕೂತು ಕಿಟಕಿ ನೋಡುತ್ತಾ ನಿದ್ದೆ ಬಂದವನ ಹಾಗೆ ಇರುತ್ತಾನೆ. ಬಾಯಿ ಬಿಟ್ಟು ಎಬ್ಬಿಸಬೇಕು. ಮೊದಲ ಸಲ ನನಗೂ ನಾಚಿಕೆ ಆಗಿತ್ತು. ಕಂಡಕ್ಟರ್ ಹೇಳಲಿ ಎಂದು ಕಾದೆ. ಅವನು ಹೇಳಲಿಲ್ಲ.

ನಿನ್ನ ಸೀಟು ಮೀಸಲಾಗಿದೆ. ಅದು ನಿನ್ನ ದೀಕ್ಷಾಸ್ನಾನದಲ್ಲೇ ಆಯಿತು. ಈಗ ಕೂತವನನ್ನು ಎಬ್ಬಿಸು. ಅವನು ಗೊಣಗುತ್ತಾನೆ, ಗೊಣಗಲಿ.

ಸೈಟ್‌ನವನು, ಹೊರಮಾವು · ಸೋಮವಾರ ರಾತ್ರಿ

ಅಜ್ಜಿ, ಓದಿ ನಗು ಬಂತು. ಆದರೆ ಇವತ್ತೂ ತೆಗೆದುಕೊಂಡೆ. 4,500. ಇಲ್ಲಿ ಬರೆದ ಮೇಲೂ. ಅದಕ್ಕೇ ಇನ್ನೂ ಜಾಸ್ತಿ ಅಸಹ್ಯ ಆಗುತ್ತಿದೆ.

ರಮ್ಮಿ ಬಿಟ್ಟವನು · ಸೋಮವಾರ ರಾತ್ರಿ, ತಡವಾಗಿ

ಅಣ್ಣ, ನಾನು ಕ್ಯಾಬ್ ಓಡಿಸುತ್ತೇನೆ. ವಿಮಾನ ನಿಲ್ದಾಣದಲ್ಲಿ ಟ್ರಿಪ್‌ಗೆ ಕಾಯುವಾಗ ಎರಡು ಗಂಟೆ, ಮೂರು ಗಂಟೆ ಸುಮ್ನೆ ಕೂರಬೇಕು. ಅಲ್ಲಿ ಶುರುವಾಯಿತು ನನ್ನ ರಮ್ಮಿ. ಐವತ್ತು ರೂಪಾಯಿಯಿಂದ. ಒಂದು ವರ್ಷದಲ್ಲಿ ಹೆಂಡತಿಯ ಸರ ಗಿರವಿ ಅಂಗಡಿಗೆ ಹೋಯಿತು. ಕಾರಿನ ಕಂತು ಮೂರು ತಿಂಗಳು ಬಾಕಿ. ನಾನು ಆಗ ಉಪವಾಸ ಪ್ರಾರ್ಥನೆಗೂ ಹೋಗುತ್ತಿದ್ದೆ, ಗೊತ್ತಾ? ಉಪವಾಸ ಕೂತು, ಸಂಜೆ ಆಡಿ, ರಾತ್ರಿ ಅತ್ತು ಮಲಗುವುದು.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂತು. ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧ ಮಾಡಿದರು, ಆ್ಯಪ್‌ನಲ್ಲಿ ಆಟ ನಿಂತಿತು. ದೇವರೇ ನನಗಾಗಿ ಪಾರ್ಲಿಮೆಂಟಿನಲ್ಲಿ ಮಸೂದೆ ಪಾಸ್ ಮಾಡಿಸಿದ ಎಂದು ಸಭೆಯಲ್ಲಿ ಸಾಕ್ಷಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡೇ ವಾರ. ಆಮೇಲೆ ಕ್ರಿಕೆಟ್ ಬೆಟ್ಟಿಂಗ್ ಯಾರು ನಡೆಸುತ್ತಾರೆ ಎಂದು ಪಕ್ಕದ ಡ್ರೈವರ್‌ನನ್ನು ನಾನೇ ಕೇಳಿದೆ. ಮತ್ತಾಯ 12ರಲ್ಲಿ ಯೇಸು ಹೇಳುವ ಮನೆ ಇದೆಯಲ್ಲ, ದೆವ್ವ ಬಿಟ್ಟು ಹೋಯಿತು, ಗುಡಿಸಿ ಅಲಂಕರಿಸಿಟ್ಟರು, ಆದರೆ ಮನೆ ಖಾಲಿ. ಅದು ಇನ್ನೂ ಏಳನ್ನು ಕರೆದುಕೊಂಡು ವಾಪಸ್ ಬಂತು. ಆ ಖಾಲಿ ಮನೆ ನಾನೇ. ಆಟ ಹೋಗಿತ್ತು, ಕಾಯುವ ಮೂರು ಗಂಟೆ ಹಾಗೇ ಇತ್ತು.

ನನಗೆ ಸಹಾಯ ಆದದ್ದು ಬಹಳ ಚಿಕ್ಕ ವಿಷಯಗಳು. ಸಂಬಳದ ಖಾತೆಯ ಯುಪಿಐ ನನ್ನ ಫೋನಿನಿಂದ ತೆಗೆದು ಹೆಂಡತಿಯ ಫೋನಿಗೆ ಹಾಕಿದೆ. ಡೀಸೆಲ್ ದುಡ್ಡು ಮಾತ್ರ ಕೈಯಲ್ಲಿ. ಸಭೆಯ ಒಬ್ಬ ಅಣ್ಣನಿಗೆ ಎಲ್ಲವನ್ನೂ ಹೇಳಿದೆ, ಸಾಲದ ಲೆಕ್ಕ ಸಮೇತ. ಯಾಕೋಬ 5:16ರಲ್ಲಿ ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿ ಎಂದಿದೆ. ನಮ್ಮ ಸಭೆಗಳಲ್ಲಿ ನಾವು ರೋಗವನ್ನು ಮಾತ್ರ ಅರಿಕೆ ಮಾಡುತ್ತೇವೆ! ಮಂಡಿ ನೋವು, ಶುಗರು, ವೀಸಾ. ಪಾಪದ ಹೆಸರು ಯಾರೂ ಎತ್ತುವುದಿಲ್ಲ. ಈಗ ಕಾಯುವ ಹೊತ್ತಿನಲ್ಲಿ ಆ ಅಣ್ಣನಿಗೆ ಫೋನ್ ಮಾಡುತ್ತೇನೆ. ಎಷ್ಟೋ ದಿನ ಮಾತೇ ಇರುವುದಿಲ್ಲ. "ಊಟ ಆಯ್ತಾ?" "ಆಯ್ತು." ಅಷ್ಟೇ.

ಇನ್ನೊಂದು. ನಿಮ್ಹಾನ್ಸ್‌ಗೂ ಹೋದೆ. ನಂಬಿಕೆ ಕಡಿಮೆ ಎಂದು ಕೆಲವರು ಅಂದರು. ಅನ್ನಲಿ. ಚಟ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನೀನು ಹನ್ನೊಂದು ಗಂಟೆಗೆ ಆ ಅಂಗಡಿಗೆ ಹೋಗಬೇಡ ಅಣ್ಣ. ಬೈಬಲಿನ ಯೋಸೇಫನು, ಯಜಮಾನ ಪೋಟೀಫರನ ಹೆಂಡತಿ ಅಂಗಿ ಹಿಡಿದು ಕರೆದಾಗ, ವೇದಾಂತ ಮಾತಾಡುತ್ತಾ ನಿಲ್ಲಲಿಲ್ಲ. ಅಂಗಿ ಬಿಟ್ಟು ಓಡಿದ.

ಪಿಜಿ ಹುಡುಗ, ಮಾರತ್‌ಹಳ್ಳಿ · ಮಂಗಳವಾರ

ಎಲ್ಲರೂ ಚೆನ್ನಾಗಿ ಬರೆಯುತ್ತೀರಿ. ಆದರೆ ಫೀಸ್ ಯಾರು ಕಟ್ಟುತ್ತಾರೆ? ಈ ಬೆಂಗಳೂರಿನಲ್ಲಿ ಅವರ ಸಂಬಳದಲ್ಲಿ ಬಾಡಿಗೆ ಕಟ್ಟಿ, ಮಗಳನ್ನು ಓದಿಸಿ... ಪಾಪ ಎಂದು ಬರೆಯುವುದು ಸುಲಭ. ಓಡುವುದಕ್ಕೆ ಯೋಸೇಫನಿಗೆ ಹೆಂಡತಿ ಮಕ್ಕಳು ಇರಲಿಲ್ಲ.

ರಮ್ಮಿ ಬಿಟ್ಟವನು · ಮಂಗಳವಾರ

ಓಡಿದ್ದಕ್ಕೆ ಅವನಿಗೆ ಜೈಲಾಯಿತು ತಮ್ಮ. ಸುಲಭ ಎಂದು ನಾನೂ ಹೇಳಲಿಲ್ಲ.

ಗುರುವಾರದವಳು, ವಿವೇಕನಗರ · ಮಂಗಳವಾರ ಸಂಜೆ

ನಾನು ಕಥೋಲಿಕಳು. ಗುರುವಾರ ಬಾಲಯೇಸುವಿನ ನೊವೇನಾ ಪ್ರಾರ್ಥನೆಗೆ ಹೋಗುವ ಗುಂಪಿನವಳು. ಇಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟರು ಎಂದು ಗೊತ್ತು, ಆದರೂ ಬರೆಯುತ್ತೇನೆ.

ಪಾಪನಿವೇದನೆಗೆ ಹೋದರೆ ನಮ್ಮ ಫಾದರ್ ಕೇಳುವ ಪ್ರಶ್ನೆ ಒಂದಿದೆ. "ತೆಗೆದುಕೊಂಡದ್ದನ್ನು ವಾಪಸ್ ಕೊಟ್ಟೆಯಾ?" ಕ್ಷಮೆ ಕೊಡುವುದು ದೇವರ ಕೆಲಸ, ವಾಪಸ್ ಕೊಡುವುದು ನಮ್ಮ ಕೆಲಸ. ನಾನು ಒಮ್ಮೆ ಆಫೀಸಿನ ಸ್ಟೇಷನರಿ ಬಗ್ಗೆ ಹೇಳಿದಾಗಲೂ ಅದನ್ನೇ ಕೇಳಿದರು. ಎ4 ಪೇಪರ್ ರೀಮ್ ಹಿಡಿದುಕೊಂಡು ಆಫೀಸಿನೊಳಗೆ ಕಳ್ಳಿಯ ಹಾಗೆ ನುಗ್ಗಿದ್ದು ನನಗೆ ಮಾತ್ರ ಗೊತ್ತು. ಹೊರಗೆ ತರುವಾಗ ಅಷ್ಟು ಭಯ ಇರಲಿಲ್ಲ!

ಇನ್ನೊಂದು ಅಭ್ಯಾಸ. 16ನೇ ಶತಮಾನದಲ್ಲಿ ಸಂತ ಇಗ್ನೇಷಿಯಸ್ ಲೊಯೋಲ ಹೇಳಿಕೊಟ್ಟದ್ದು. ಎಲ್ಲ ಪಾಪಗಳ ಮೇಲೆ ಒಟ್ಟಿಗೆ ಯುದ್ಧ ಬೇಡ, ಒಂದನ್ನು ಹಿಡಿ. ಬೆಳಗ್ಗೆ ಎದ್ದಾಗ ಅದನ್ನು ನೆನೆ. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ರಾತ್ರಿ ಒಮ್ಮೆ ಲೆಕ್ಕ ನೋಡು. ದಿನಕ್ಕೆ ಎರಡು ಗೆರೆ ಎಳೆದು, ಬಿದ್ದಾಗಲೆಲ್ಲ ಗೆರೆಯ ಮೇಲೆ ಒಂದು ಚುಕ್ಕಿ. ನಾನು ಸಿಟ್ಟನ್ನು ಹಿಡಿದೆ. ಮೊದಲ ವಾರದ ಪುಟ ನೋಡಿ ಮಗ "ಅಮ್ಮ, ರಂಗೋಲಿ ಚುಕ್ಕಿನಾ?" ಎಂದು ಕೇಳಿದ. ಮಧ್ಯಾಹ್ನದ ಲೆಕ್ಕವೇ ಮುಖ್ಯ ಎಂದು ನನ್ನ ಅನುಭವ. ರಾತ್ರಿ ನೋಡಿದರೆ ಬರೀ ಪಶ್ಚಾತ್ತಾಪ. ಮಧ್ಯಾಹ್ನ ನೋಡಿದರೆ ಇನ್ನೂ ಅರ್ಧ ದಿನ ಕೈಯಲ್ಲಿರುತ್ತದೆ.

ಸತ್ಯವೇದ ಮಾತ್ರ · ಮಂಗಳವಾರ ರಾತ್ರಿ

ಇದೆಲ್ಲ ಮನುಷ್ಯರ ಕಟ್ಟಳೆ. ಚುಕ್ಕಿ ಇಟ್ಟು ರಕ್ಷಣೆ ಸಿಗುವುದಿಲ್ಲ. ಕೃಪೆ ಸಾಕು.

ಗುರುವಾರದವಳು, ವಿವೇಕನಗರ · ಮಂಗಳವಾರ ರಾತ್ರಿ

ಚುಕ್ಕಿಯಿಂದ ರಕ್ಷಣೆ ಎಂದು ನಾನು ಎಲ್ಲಿ ಹೇಳಿದೆ? ಮಗನನ್ನು ಹೊಡೆಯುವುದು ಕಡಿಮೆಯಾಯಿತು, ಅಷ್ಟೇ.

ವೇದಿಕೆ ನೋಡಿಕೊಳ್ಳುವವರು · ಮಂಗಳವಾರ ರಾತ್ರಿ

ಕಥೋಲಿಕ, ಪ್ರೊಟೆಸ್ಟೆಂಟ್ ಎಂಬ ಲೂಥರನ ಕಾಲದ ಜಗಳ ಇಲ್ಲಿ ಬೇಡ. 1517ರಿಂದ ನಡೆಯುತ್ತಿದೆ, ಇವತ್ತು ರಾತ್ರಿ ಮುಗಿಯುವುದಿಲ್ಲ. ವಿಷಯಕ್ಕೆ ಬನ್ನಿ.

ಹೆಸರು ಬೇಡ · ಬುಧವಾರ

ಎರಡು ದಿನದಿಂದ ಓದುತ್ತಿದ್ದೇನೆ. "ಒಪ್ಪಿಸಿಕೊಡು" ಎಂಬ ಮಾತು ಓದಿದಾಗೆಲ್ಲ ನನ್ನ ಮೈ ನಡುಗುತ್ತದೆ.

ನನ್ನ ಗಂಡ ಹೊಡೆಯುತ್ತಿದ್ದರು. ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರ ಹತ್ತಿರ ಹೋದೆ. ಒಪ್ಪಿಸಿಕೊಡಮ್ಮ, ಇದು ನಿನ್ನ ಶಿಲುಬೆ, ಹೊತ್ತುಕೋ ಎಂದರು. ಆರು ವರ್ಷ ಹೊತ್ತೆ. ಆಮೇಲೆ ಒಂದು ದಿನ ಓದುತ್ತಾ ನನಗೇ ಹೊಳೆಯಿತು. ಯೇಸು ಶಿಲುಬೆಯನ್ನು ಹೊತ್ತುಕೋ ಎಂದದ್ದು ತನ್ನನ್ನು ಹಿಂಬಾಲಿಸುವವರಿಗೆ, ಅವರು ತಾವೇ ಆರಿಸಿಕೊಳ್ಳುವ ದಾರಿ ಅದು. ಇನ್ನೊಬ್ಬರ ಪಾಪವನ್ನು ನನ್ನ ಬೆನ್ನಿಗೆ ಕಟ್ಟಿ ಅದಕ್ಕೆ ಶಿಲುಬೆ ಎಂದು ಹೆಸರಿಡುವುದು ಬೇರೆ. ನನ್ನ ವಿಷಯದಲ್ಲಿ ಪಾಪವನ್ನು ಎದುರಿಸುವುದು ಎಂದರೆ ಮನೆಯಿಂದ ಹೊರಗೆ ಹೋಗುವುದಾಗಿತ್ತು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದೆ, ಅಕ್ಕನ ಮನೆಗೆ ಹೋದೆ. ಆ ರಾತ್ರಿ ಮೊದಲ ಸಲ ನಿಜವಾಗಿ ಒಪ್ಪಿಸಿಕೊಟ್ಟೆ.

ಸೈಟ್‌ನ ಅಣ್ಣನಿಗೆ ಇದು ಸಂಬಂಧ ಇಲ್ಲದಿರಬಹುದು. ಓದುವ ಇನ್ಯಾರಿಗೋ ಇರುತ್ತದೆ.

ಕಾಕ್ಸ್‌ಟೌನ್ ಅಜ್ಜಿ · ಬುಧವಾರ

ಚಿನ್ನಾ, ಸರಿಯಾಗಿ ಮಾಡಿದೆ. ಆ ಹಿರಿಯನ ಮೇಲೆ ನನಗೆ ಬಂದ ಸಿಟ್ಟು ಇವತ್ತು ಸೂರ್ಯ ಮುಳುಗುವುದರೊಳಗೆ ತೀರುವ ಹಾಗೆ ಕಾಣುವುದಿಲ್ಲ.

ನಿವೃತ್ತ ಸಭಾಪಾಲಕ · ಗುರುವಾರ

ತಂಗಿಯ ಮಾತಿಗೆ ಮೊದಲು ಒಂದು ಉತ್ತರ. ನನ್ನ ಸೇವೆಯಲ್ಲಿ ನಾನೂ ಒಂದಿಬ್ಬರಿಗೆ ಅಂಥ ಸಲಹೆ ಕೊಟ್ಟಿದ್ದೇನೆ. ಈಗ ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ. ಕ್ಷಮಿಸಮ್ಮ.

ಸೈಟ್‌ನ ತಮ್ಮನಿಗೆ. ಯಾಕೋಬ 4:7 ಕನ್ನಡದಲ್ಲಿ ಹೀಗಿದೆ: "ದೇವರಿಗೆ ಒಳಗಾಗಿರಿ, ಸೈತಾನನನ್ನು ಎದುರಿಸಿರಿ." ನಾವು ಎರಡನೆಯ ಅರ್ಧವನ್ನು ಹಿಡಿದು ಮುಷ್ಟಿ ಬಿಗಿಯುತ್ತೇವೆ. ಮೊದಲನೆಯದನ್ನು ಬಿಡುತ್ತೇವೆ. ಒಳಗಾಗು ಎಂದರೆ ಅಧೀನನಾಗು ಎಂದು ಅರ್ಥ. ಆದರೆ ಆ ಪದದಲ್ಲೇ "ಒಳಗೆ" ಎಂಬುದೂ ಇದೆ ನೋಡು. ಬೀದಿಯಲ್ಲಿ ಒಂಟಿಯಾಗಿ ನಿಂತು ಕಳ್ಳನನ್ನು ಎದುರಿಸುವುದು ಒಂದು. ಮನೆಯ ಒಳಗಿದ್ದು, ಹಿಂದೆ ಅಪ್ಪ ನಿಂತಿರುವಾಗ ಬಾಗಿಲಲ್ಲಿ ಅವನನ್ನು ತಡೆಯುವುದು ಇನ್ನೊಂದು. ನೀನು ಭಾನುವಾರ ಒಳಗೆ ಬರುತ್ತೀಯ, ಸೋಮವಾರ ಬೀದಿಗೆ ಒಬ್ಬನೇ ಹೋಗುತ್ತೀಯ.

ಇನ್ನೊಂದು ಸಣ್ಣ ವಿಷಯ. ಶಿಲುಬೆ ಹೊತ್ತುಕೊಂಡು ಹಿಂದೆ ಬಾ ಎಂಬ ಮಾತು ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಇದೆ. "ದಿನವೂ" ಎಂಬುದು ಲೂಕನಲ್ಲಿ ಮಾತ್ರ, 9:23ರಲ್ಲಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನವೂ ಹಾಗೇ. ನಾಳೆಗೆ ಎಂದು ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಭಾನುವಾರದ ಒಪ್ಪಿಸುವಿಕೆಯನ್ನು ಸೋಮವಾರಕ್ಕೆ ಎತ್ತಿಟ್ಟರೂ ಅದೇ ಗತಿ.

ನಾನು ವೆಸ್ಲಿಯನ್ ಮೂಲದ ಸಭೆಗಳಲ್ಲಿ ಬೆಳೆದವನು. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚ್ ನಿಮಗೆಲ್ಲ ಗೊತ್ತು, ಅದೂ ಆ ಮಿಷನ್‌ನಿಂದ ಬಂದದ್ದೇ, 1904ರ ಕಟ್ಟಡ. ಮೆಥೊಡಿಸ್ಟ್ ಚಳವಳಿಯ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಒಡಂಬಡಿಕೆಯ ಆರಾಧನೆ ಎಂದು ಒಂದನ್ನು ಶುರುಮಾಡಿದ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆರಾಧನೆಯ ಪುಸ್ತಕಕ್ಕೂ ಅದು ಬಂತು. ನಾನು ಇನ್ನು ನನ್ನವನಲ್ಲ, ನಿನ್ನವನು. ಕೆಲಸಕ್ಕೆ ಹಚ್ಚಿದರೂ ಸರಿ, ಪಕ್ಕಕ್ಕೆ ಇಟ್ಟರೂ ಸರಿ ಎಂಬ ಅರ್ಥದ ಪ್ರಾರ್ಥನೆ ಅದರಲ್ಲಿದೆ. "ಪಕ್ಕಕ್ಕೆ ಇಟ್ಟರೂ ಸರಿ" ಎನ್ನುವಾಗ ನನ್ನ ನಾಲಿಗೆ ಪ್ರತಿ ಸಲ ತೊದಲುತ್ತಿತ್ತು. ಮಾರತ್‌ಹಳ್ಳಿಯ ಮಗು ಕೇಳಿದ ಪ್ರಶ್ನೆ ಅದೇ. ಫೀಸ್ ಯಾರು ಕಟ್ಟುತ್ತಾರೆ? ನನ್ನ ಹತ್ತಿರ ಸುಲಭದ ಉತ್ತರ ಇಲ್ಲ.

ಆದರೆ ಜನರಿಂದ ಸುಲಿಗೆ ಮಾಡಿದ ಸುಂಕದವನು ಜಕ್ಕಾಯನನ್ನು ನೋಡು. ಯೇಸು ಅವನಿಗೆ ಲೆಕ್ಕ ಒಪ್ಪಿಸು ಎನ್ನಲಿಲ್ಲ, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದ. ಆಮೇಲೆ ಜಕ್ಕಾಯನೇ ನಾಲ್ಕರಷ್ಟು ಕೊಡುತ್ತೇನೆ ಎಂದು ಎದ್ದು ನಿಂತ. ನಾಲ್ಕರಷ್ಟು ನಿನ್ನಿಂದ ಆಗದಿರಬಹುದು. ಮೋಸ ಮಾಡಿ ಪಡೆದದ್ದಕ್ಕೆ ಯಾಜಕಕಾಂಡ 6 ಕೇಳುವುದು ಅಸಲು ಮತ್ತು ಐದನೆಯ ಒಂದು ಪಾಲು. ಒಂದು ಪಟ್ಟಿ ಬರೆ. ಬರೆದು ಒಬ್ಬರಿಗೆ ತೋರಿಸು.

ಸೈಟ್‌ನವನು, ಹೊರಮಾವು · ಮೂರು ವಾರದ ನಂತರ

ಇಷ್ಟು ದಿನ ಬರಲಿಲ್ಲ, ಕ್ಷಮಿಸಿ. ಆದದ್ದನ್ನು ಹಾಗೇ ಬರೆಯುತ್ತೇನೆ.

ಹಳೇ ಡೈರಿಗಳನ್ನು ತೆಗೆದು ಪಟ್ಟಿ ಮಾಡಿದೆ. ಒಂದೂವರೆ ವರ್ಷಕ್ಕೆ 2,14,000. ಅಷ್ಟು ಎಂದುಕೊಂಡಿರಲಿಲ್ಲ. ಹೆಂಡತಿಗೆ ತೋರಿಸಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಫ್ರಿಜ್ ಇದರದ್ದಾ?" ಎಂದು ಕೇಳಿದಳು. ಹೌದು ಎಂದೆ. ಎದ್ದು ಒಳಗೆ ಹೋದಳು. ಮಾರನೇ ದಿನ ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು, "ವ್ಯಾನ್ ಬೇಡ, ನಾನೇ ಕರೆದುಕೊಂಡು ಹೋಗುತ್ತೇನೆ, ಅಷ್ಟು ಉಳಿಯುತ್ತದೆ" ಎಂದಳು.

ಕಂಪನಿಯ ಮಾಲೀಕರಿಗೆ ಹೇಳಿದೆ. ಕೆಲಸ ಹೋಗುತ್ತದೆ ಎಂದು ಪ್ರಾರ್ಥನೆ ಮಾಡಿಕೊಂಡೇ ಹೋಗಿದ್ದೆ, ಪಕ್ಕಕ್ಕೆ ಇಟ್ಟರೂ ಸರಿ ಎಂದು. ಅವರು ನಕ್ಕರು! "ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಅದನ್ನ ಲೆಕ್ಕ ಹಾಕೇ ನಿನ್ನ ಸಂಬಳ ಇಟ್ಟಿರೋದು" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಸಂಬಳ ಜಾಸ್ತಿ ಮಾಡಿ ಎಂದು ಕೇಳಿದೆ, ನೋಡೋಣ ಎಂದರು. ಅಂದರೆ ಇಲ್ಲ.

ಟೈಲ್ಸ್ ಅಂಗಡಿಯವರಿಗೆ ನನ್ನ ಕಮಿಷನ್ ಅನ್ನು ಬಿಲ್‌ನಲ್ಲೇ ಕಡಿಮೆ ಮಾಡಿ ಎಂದೆ. ಒಬ್ಬರು ಒಪ್ಪಿದರು. ಇನ್ನೊಬ್ಬರು ನಾನು ಜಾಸ್ತಿ ಕೇಳುವುದಕ್ಕೆ ಹೊಸ ನಾಟಕ ಹೂಡಿದ್ದೇನೆ ಎಂದುಕೊಂಡು ಕವರ್‌ಗೆ ಇನ್ನೂ ಸಾವಿರ ಸೇರಿಸಿದರು. ಕೈ ಒಂದು ಸಲ ಮುಂದೆ ಹೋಯಿತು, ಸುಳ್ಳು ಹೇಳುವುದಿಲ್ಲ. ಅಲ್ಲೇ ನಿಂತು ಕ್ಯಾಬ್ ಅಣ್ಣನಿಗೆ ಮೆಸೇಜ್ ಹಾಕಿದೆ. (ನಾವು ಈಗ ಫೋನಿನಲ್ಲಿ ಮಾತಾಡುತ್ತೇವೆ.) "ಊಟ ಆಯ್ತಾ?" ಎಂದು ಉತ್ತರ ಬಂತು. ಬೆಳಗ್ಗೆ ಹನ್ನೊಂದೂಕಾಲಕ್ಕೆ! ನಗು ಬಂತು, ಹೊರಗೆ ಬಂದೆ.

ಮೊದಲ ವಾಪಸಾತಿ ಕಲ್ಯಾಣನಗರದ ಒಬ್ಬ ನಿವೃತ್ತ ಟೀಚರ್‌ಗೆ. ಅವರಿಂದ 9,000 ಹೋಗಿತ್ತು, ಐದನೆಯ ಪಾಲು ಸೇರಿಸಿ 10,800 ಕೊಟ್ಟೆ. ಅಳುತ್ತಾರೆ, ಆಶೀರ್ವಾದ ಮಾಡುತ್ತಾರೆ ಎಂದು ಮನಸ್ಸಿನಲ್ಲಿ ಒಂದು ಚಿತ್ರ ಇತ್ತು. ಅವರು ಕಾಫಿ ಕೊಟ್ಟರು, ದುಡ್ಡನ್ನು ಎರಡು ಸಲ ಎಣಿಸಿದರು, "ಪ್ಲೈವುಡ್ ಬಿಲ್ಲೂ ತೋರಿಸಪ್ಪ" ಎಂದರು. ತೋರಿಸಿದೆ. ಅದರಲ್ಲೂ ಇತ್ತು. ಮುಂದಿನ ತಿಂಗಳು ಕೊಡುತ್ತೇನೆ ಎಂದು ಬರೆದುಕೊಟ್ಟು ಬಂದಿದ್ದೇನೆ.

ಲೆಕ್ಕದವನು · ಅದೇ ದಿನ

ಟೀಚರ್ ನನಗೆ ಇಷ್ಟವಾದರು. ಪಟ್ಟಿಯನ್ನು ಕಂತುಗಳಾಗಿ ಮಾಡಿಕೊಡುತ್ತೇನೆ, ಕಳಿಸಿ. ನನ್ನದೂ ಒಂದು ಪಟ್ಟಿ ಬರೆಯಬೇಕಿದೆ. ಅದು ಆಮೇಲೆ.

ಪಿಜಿ ಹುಡುಗ, ಮಾರತ್‌ಹಳ್ಳಿ · ಅದೇ ದಿನ

ಫೀಸ್?

ಸೈಟ್‌ನವನು, ಹೊರಮಾವು · ಅದೇ ರಾತ್ರಿ

ಎರಡನೇ ಕಂತು ಬಾಕಿ ಇದೆ. ಸ್ಕೂಲಿಗೆ ಪತ್ರ ಕೊಟ್ಟು ಸಮಯ ಕೇಳಿದ್ದೇನೆ. ಗೊತ್ತಿಲ್ಲ ತಮ್ಮ.

ಇವತ್ತು ಇನ್ನೊಂದಾಯಿತು. ಬಡಗಿಗಳು ತರುವ ಅಂಟಿನ ಬಕೆಟ್‌ಗಳ ಒಳಗೆ ದುಡ್ಡಿನ ಬೆಲೆಯ ಟೋಕನ್ ಇರುತ್ತದೆ, ಅಂಟಿನ ಕಂಪನಿಯವರು ಬಡಗಿಗೆ ಎಂದು ಇಡುವುದು. ನಮ್ಮ ಬಡಗಿ ಹುಡುಗ ಬಕೆಟ್‌ಗಳನ್ನು ತೆರೆದು, ಒರೆಸಿ, ಟೋಕನ್‌ಗಳಲ್ಲಿ ಅರ್ಧ ಎಣಿಸಿ ನನ್ನ ಮುಂದೆ ಹಿಡಿದ. ಯಾವಾಗಲೂ ಹಾಗೇ ಕೊಡುತ್ತಾನೆ, ನಾನು ಕೇಳಿ ಅಭ್ಯಾಸ ಮಾಡಿಸಿದ್ದು. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಮಾಲೀಕರ ದುಡ್ಡು ನೆನಪಾಯಿತು, ಇವನದ್ದು ನೆನಪಾಗಲಿಲ್ಲ.

ಕಾಕ್ಸ್‌ಟೌನ್ ಅಜ್ಜಿ · ಅದೇ ರಾತ್ರಿ

ಮೊಮ್ಮಗಳು ಮಲಗಿದ್ದಾಳೆ, ನಾನೇ ಒತ್ತುತ್ತಿದ್ದೇನೆ, ಅಕ್ಷರ ತಪ್ಪಿದರೆ ಓದಿಕೊ. ಆ ಹುಡುಗನ ಹೆಸರು ಬರೆದುಕೊ ಮಗಾ.

ಸೈಟ್‌ನವನು, ಹೊರಮಾವು · ಅದೇ ರಾತ್ರಿ

ಬರೆದೆ ಅಜ್ಜಿ.